ದಡ ಬಿಡದ ಶೀನ

ಕಡಲ ದಡದ ಒಂದೂರಲ್ಲಿ ರುಕ್ಕು ಅಂತ ಒಬ್ಬಳು ತಾಯಿ, ಶೀನ ಅಂತ ಅವಳಿಗೊಬ್ಬ ಮಗ. ಮಗ ಬೆಳೆದಿದ್ದ, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದಕ್ಕೇ ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ತಾನು ಹೋದ ಮೇಲೆ ಇವನಿಗೆ ಗಂಜಿ ಹಾಕುವವರು ಯಾರು ಅನ್ನುವ ಚಿಂತೆ ರುಕ್ಕುವಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳು. ತಾನು ಅಡುಗೆ ಮಾಡುತ್ತಿದ್ದ ಕಡಲ ಸಂಶೋಧನಾ ಕೇಂದ್ರದಲ್ಲಿ ಕೈಕಾಲು ಹಿಡಿದು ಅವನನ್ನೂ ಸೇರಿಸಿದಳು.

ಅಲ್ಲಿ ಮೂವರು ಸೇರಿ ಮೀನುಗಾರರಿಗಾಗಿ ಒಂದು ಆ್ಯಪ್ ಕಟ್ಟುತ್ತಿದ್ದರು. ಅಲೆಯ ಲೆಕ್ಕ ವಾಮನ ಕಿಣಿ ಸರ್‌ದು, ಕೋಡ್ ಶರ್ವಾಣಿಯದು, ಬಳಸುವ ಸೂಚನೆ ಬರೆಯುವುದು ಜೆಸಿಂತಾಬಾಯಿಯದು. ಹಸಿರು ಬಂದರೆ ದೋಣಿ ಬಿಡಬಹುದು, ಕೆಂಪು ಬಂದರೆ ಬಿಡಬಾರದು.

ಮೊದಲ ದಿನ ಶರ್ವಾಣಿ, ತಾನು ಊಟ ಮಾಡಿ ಬರುವವರೆಗೆ ಕಂಪ್ಯೂಟರ್ ಯಾರೂ ಮುಟ್ಟದ ಹಾಗೆ ನೋಡಿಕೋ ಅಂದಳು. ಲೆಕ್ಕ ತಿದ್ದಲು ಕಿಣಿ ಸರ್ ಬಂದರು. ಶೀನ ಕಂಪ್ಯೂಟರನ್ನು ತಬ್ಬಿಕೊಂಡು ಕೂತ. ಇದು ಒಬ್ಬರ ಕೆಲಸವಲ್ಲ ಮಾರಾಯ, ಕೇಳಿದವರಿಗೆ ಬಿಟ್ಟುಕೊಡಬೇಕು ಅಂತ ಅವರಿಂದ ಬೈಸಿಕೊಂಡ.

ಮರುದಿನ ಮೀನುಗಾರರು ಬಂದು ಕೇಳಿದರು, ಬಿಟ್ಟುಕೊಟ್ಟ. ಕಡಲಿಗಿಳಿಯುವ ಆತುರದಲ್ಲಿದ್ದ ಅವರು ಅಲೆಯ ಎತ್ತರಕ್ಕೆಲ್ಲ ಸೊನ್ನೆ ಒತ್ತಿ, ಹಸಿರು ಮಾಡಿಕೊಂಡು ಹೋದರು. ಕಿಣಿ ಸರ್ ದಡಕ್ಕೆ ಓಡಿ ದೋಣಿ ತಡೆಯಬೇಕಾಯಿತು.

"ಇನ್ನು ಜೆಸಿಂತಾಬಾಯಿ ಬರೆದಷ್ಟೇ ಮಾಡು. ಇದೂ ತಪ್ಪಿದರೆ ಮನೆಗೆ ನಡೆ," ಅಂದರು. ರುಕ್ಕು ಒಲೆಯ ಮುಂದೆ ಕೂತು ಅತ್ತಳು.

ಆ್ಯಪ್ ಪರೀಕ್ಷೆಯ ದಿನ ದಡದಲ್ಲಿ ನಿಂತ ಶೀನನ ಒಂದು ಕೈಯಲ್ಲಿ ದೋಣಿಯ ಹಗ್ಗ, ಇನ್ನೊಂದರಲ್ಲಿ ಫೋನು. ಹಸಿರಾದರೆ ಹಗ್ಗ ಬಿಡು, ಕೆಂಪಾದರೆ ಎಳೆ ಅಂತ ಬರೆದಿತ್ತು. ಸಿಗ್ನಲ್ ಹೋಗಿ ಸ್ಕ್ರೀನ್ ಖಾಲಿಯಾಯಿತು. ಶೀನ ಬಿಡಲೂ ಇಲ್ಲ, ಎಳೆಯಲೂ ಇಲ್ಲ. ನೀರಲ್ಲಿ ಹೊಯ್ದಾಡುತ್ತಿದ್ದ ದೋಣಿಯವರು ಅವನ ಏಳು ತಲೆಮಾರಿಗೂ ಬೈದರು.

ತಾವೂ ಬೈಯಲು ಬಂದ ಮೂವರು ಸ್ಕ್ರೀನ್ ನೋಡಿ, ಬರೆದ ಸೂಚನೆಯನ್ನು ತೆಗೆದು ಮತ್ತೆ ಓದಿದರು. ಖಾಲಿಯಾದರೆ ಏನು ಮಾಡಬೇಕೆಂದು ಯೋಚಿಸುವುದು ಶರ್ವಾಣಿಯ ಕೆಲಸ ಅಂತ ಕಿಣಿ ಸರ್, ಜೆಸಿಂತಾಬಾಯಿಯ ಕೆಲಸ ಅಂತ ಶರ್ವಾಣಿ ಅಂದುಕೊಂಡಿದ್ದರು. ಜೆಸಿಂತಾಬಾಯಿಗೆ ಹಾಗೂ ಆಗುತ್ತದೆ ಅಂತಲೇ ಯಾರೂ ಹೇಳಿರಲಿಲ್ಲ. ಅವರವರ ಕೆಲಸ ಅವರವರು ಚೆನ್ನಾಗಿಯೇ ಮಾಡಿದ್ದರು. ನಡುವಿನ ಸಂದಿಯಲ್ಲಿ ಮಾತ್ರ ಒಂದು ದೋಣಿ ಮುಳುಗುವಷ್ಟು ಜಾಗ ಉಳಿದಿತ್ತು.

ಮೂವರೂ ಒಟ್ಟಿಗೆ ಕೂತು ಬರೆದರು: ಸ್ಕ್ರೀನ್ ಖಾಲಿಯಾದರೆ ದಡ ಬಿಡಬೇಡಿ, ನಮಗೆ ಫೋನ್ ಮಾಡಿ. ಬರೆದದ್ದನ್ನು ಬರೆದ ಹಾಗೇ ಮಾಡಿ ನೋಡುವುದು ಇನ್ನು ಮೇಲೆ ಶೀನನ ಕೆಲಸ ಅಂತಲೂ ಆಯಿತು.

ಸಂಜೆ ರುಕ್ಕು ಪಾಯಸ ಮಾಡಿ ಕಾದಳು. ಮಗ ಬರಲಿಲ್ಲ. ಪಾತ್ರೆ ಹಿಡಿದುಕೊಂಡೇ ಹುಡುಕಿ ಹೋದರೆ ದಡದಲ್ಲಿ ಕೂತಿದ್ದಾನೆ.

"ಎಂತಕ್ ಮಗಾ ಇಲ್ಲೇ ಕೂಕಂಡದ್ದ್?"

"ಸ್ಕ್ರೀನ್ ಖಾಲಿ ಅಮ್ಮಾ. ದಡ ಬಿಡೂಕಾಗ, ಫೋನ್ ಮಾಡ್ಕ್. ಫೋನಿನ ಚಾರ್ಜೇ ಮುಗ್ದಿತ್, ಹ್ಯಾಂಗ್ ಮಾಡುದ್?"

ತಲೆ ಚಚ್ಚಿಕೊಳ್ಳಲು ಕೈ ಎತ್ತಿದ ರುಕ್ಕು ಹಾಗೇ ಇಳಿಸಿದಳು. ಅವನ ಪಕ್ಕ ಮರಳಲ್ಲೇ ಕೂತು ಪಾಯಸ ಬಡಿಸಿದಳು.

"ಉಣ್ಣ್ ಮೊದ್ಲ್. ಇದನ್ನೂ ಬರೀಲಿಲ್ಲ ಅಂದ್ಹೇಳಿ ನಾಳೆ ಅವರಿಗೆ ಹೇಳ್ಕ್ ನೀನ್."