ಸಣ್ಣಪ್ಪ ಕುಕ್ಕರ್ ಕಾದದ್ದು

ಹೂಂ ಅನ್ನೋರಿದ್ದರೆ ಹೇಳ್ತೀನಿ. ನಡುವೆ ತೂಕಡಿಸಿದರೆ ಕತೆ ಅಲ್ಲೇ ನಿಲ್ಲುತ್ತೆ, ಆಮೇಲೆ ನನ್ನನ್ನ ಬೈಬೇಡಿ.

ನಾಗಮಂಗಲದ ಕಡೆ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಹೆಸರು ದೊಡ್ಡತಾಯಮ್ಮ, ಆಳು ಮೋಟು. ಮಗನ ಹೆಸರು ಸಣ್ಣಪ್ಪ, ಬಾಗಿಲಲ್ಲಿ ಬಗ್ಗಿ ಬರಬೇಕು, ಅಷ್ಟೆತ್ತರ. ಎತ್ತರ ಕೊಡೋ ಗಡಿಬಿಡಿಯಲ್ಲಿ ದೇವರು ಬುದ್ಧಿ ಕೊಡೋದು ಮರೆತಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಹೇಳದ್ದನ್ನ ಏನು ಮಾಡಿದರೂ ಮಾಡೋನಲ್ಲ.

ದೊಡ್ಡತಾಯಮ್ಮ ಹದಿನೆಂಟು ವರ್ಷ ಶಾಲೆ ಮಕ್ಕಳ ವ್ಯಾನು ಓಡಿಸಿದವಳು. ಕೋಳಿ ಕೂಗೋಕೆ ಮುಂಚೆ ಒಲೆ ಮುಂದೆ ನಿಂತಳು, ಮನೆಗೆ ಬಂದು ಮತ್ತೆ ಒಲೆ ಮುಂದೆ ನಿಂತಳು. ಕೆಲಸ ಬಿಟ್ಟಾಗ ಅವಳ ತಮ್ಮ ಹಳೇ ವ್ಯಾನಿನ ಸೀಟು ಕಿತ್ತು ಎರಡು ಮಂಚ ಕೂರಿಸಿಕೊಟ್ಟ. ಟೀಚರುಗಳು ಸೇರಿ ಒಂದು ಕರೆಂಟಿನ ಸ್ಲೋ ಕುಕ್ಕರ್ ಕೊಟ್ಟರು. "ಇದು ವಿಷಲ್ ಹಾಕೋ ಕುಕ್ಕರ್ ಅಲ್ಲಮ್ಮ. ಬೆಳಿಗ್ಗೆ ಹಾಕಿ ಬಿಟ್ಟರೆ ಸಂಜೆಗೆ ನಿಧಾನಕ್ಕೆ ತಾನೇ ಬೇಯುತ್ತೆ. ನೀವು ಕಾಯ್ಕೊಂಡು ನಿಲ್ಲಬೇಕಿಲ್ಲ" ಅಂದರು. ಆ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು.

"ಮಗ, ನಾಕು ದಿನ ವ್ಯಾನಲ್ಲಿ ಸಮುದ್ರ ನೋಡ್ಕೊಂಡು ಬರನ" ಅಂದಳು. "ಒಂದೇ ಒಂದು ಆಸೆ ಐತೆ ಕಣ್ಲಾ. ಸಮುದ್ರದ ಮುಂದೆ ಕೂತ್ಕಬೇಕು. ಬಿಸಿ ಬಿಸಿ ಹುರುಳಿಕಾಳು ಸಾರು, ಅನ್ನ, ಬೇರೆಯೋರು ಬಡಿಸ್ಬೇಕು. ನಾನು ಎದ್ದೇಳಬಾರದು!"

"ನಾನ್ ಬಡಿಸ್ತೀನಿ ಕಣವ್ವ!" ಅಂದ ಸಣ್ಣಪ್ಪ. ಅಲ್ಲಿಗೆ ಮುಗೀತು ನೋಡಿ, ಅವಳ ನೆಮ್ಮದಿ.

ಮೊದಲ ದಿನ ಘಟ್ಟದ ಈಚೆ ಒಂದು ಛತ್ರದ ಅಂಗಳದಲ್ಲಿ ವ್ಯಾನು ನಿಲ್ಲಿಸಿದರು. ಊರು ನೋಡೋಕೆ ಹೊರಟ ತಾಯಿ ಹೇಳಿದಳು: "ನೆನೆಸಿದ ಹುರುಳಿ ಹಾಕು. ನೀರು, ಮಸಾಲೆ, ಉಪ್ಪು ಹಾಕು. ಮುಚ್ಚಳ ಮುಚ್ಚು. ಸಂಜೆವರೆಗೂ ಮುಟ್ಟಬೇಡ!"

ಹುರುಳಿ ಹಾಕಿದ. ನೀರು, ಮಸಾಲೆ, ಉಪ್ಪು ಹಾಕಿದ. ಮುಚ್ಚಳ ಮುಚ್ಚಿದ. ಕೈ ಕಟ್ಟಿಕೊಂಡು ಕುಕ್ಕರಿನ ಎದುರು ಕೂತ. ನೊಣ ಕೂತರೆ ಊದಿ ಓಡಿಸಿದ, ಮುಟ್ಟಲಿಲ್ಲ.

ಸಂಜೆ ತಾಯಿ ಬಂದು ಮುಚ್ಚಳ ತೆಗೆದರೆ ತಣ್ಣೀರಲ್ಲಿ ಹುರುಳಿ ಈಜಾಡ್ತಾ ಇದೆ!

"ವೈರು ಸಿಕ್ಕಿಸ್ಲಿಲ್ವೇನ್ಲಾ?"

"ನೀನು ಹೇಳ್ನಿಲ್ಲವಲ್ಲವ್ವ!"

"ಅಯ್ಯೋ ನನ್ನ ಕರ್ಮವೇ! ಪ್ಲಗ್ಗು ಸಿಕ್ಕಿಸ್ಬೇಕು, ಸ್ವಿಚ್ ಹಾಕ್ಬೇಕು! ಸಿಕ್ಕಿಸಿದ ಮೇಲೆ ಸಂಜೆವರೆಗೂ ಕೀಳಬಾರದು!"

"ಆಗ್ಲಿ ಕಣವ್ವ."

ಇಬ್ಬರೂ ಒಣ ಅವಲಕ್ಕಿ ತಿಂದು ಮಲಗಿದರು.

ಎರಡನೇ ದಿನ ಬೆಳಿಗ್ಗೆ ಸಣ್ಣಪ್ಪ ಛತ್ರದ ಜಗಲಿಯಲ್ಲಿ ಕುಕ್ಕರ್ ಇಟ್ಟ. ಪ್ಲಗ್ಗು ಸಿಕ್ಕಿಸಿದ, ಸ್ವಿಚ್ ಹಾಕಿದ. ಮಧ್ಯಾಹ್ನಕ್ಕೆ ಘಮ ಬರೋಕೆ ಶುರುವಾಯ್ತು. ಅಷ್ಟರಲ್ಲಿ ವಾಚ್‌ಮನ್ ಓಡಿ ಬಂದ. "ಮದುವೆ ದಿಬ್ಬಣ ಬರ್ತಾ ಐತೆ, ವ್ಯಾನು ತೆಗೀರಮ್ಮ!"

ದೊಡ್ಡತಾಯಮ್ಮ ಸ್ಟೇರಿಂಗ್ ಹಿಡಿದಳು. "ಎಲ್ಲಾ ಎತ್ಕೊಂಡ್ಯೇನ್ಲಾ?"

"ಕೀಳಬಹುದಾದ್ದೆಲ್ಲ ಎತ್ಕೊಂಡೆ ಕಣವ್ವ!"

ಇಪ್ಪತ್ತು ಮೈಲಿ ಹೋದ ಮೇಲೆ ಅವಳಿಗೆ ಹಸಿವಾಯ್ತು. "ಕುಕ್ಕರ್ ತಗೊಂಬಾ, ಬೆಂದೈತಾ ನೋಡನ."

"ಅದು ಅಲ್ಲೇ ಬೇಯ್ತಾ ಐತಲ್ಲವ್ವ! ಸಂಜೆ ಆಗ್ಬೇಡ್ವಾ ಕೀಳಾಕೆ?"

ವ್ಯಾನು ತಿರುಗಿಸಿದಳು. ದಾರಿಯುದ್ದಕ್ಕೂ ಬೈದಳು. ಸಂಜೆಗೆ ಛತ್ರಕ್ಕೆ ಬಂದರೆ ಜಗಲಿ ಮೇಲೆ ಕುಕ್ಕರ್ ತೊಳೆದು ಬೋರಲು ಹಾಕಿದೆ! ವಾಚ್‌ಮನ್ ಹೊಟ್ಟೆ ಸವರಿಕೊಂಡು ಹೇಳಿದ: "ಬಿಟ್ಟು ಹೋದಿರಲ್ಲಮ್ಮ, ಹಾಳಾಗಬಾರದು ಅಂತ ನಾವೇ ಉಂಡ್ವಿ. ಸಾರು ಭೇಷಾಗಿತ್ತು. ಉಪ್ಪು ಮಾತ್ರ ಒಂಚೂರು ಕಮ್ಮಿ."

ಅವಳು ಮಗನ ಕಡೆ ತಿರುಗಿದಳು.

"ಸಾರು ಬಿಟ್ಟು ಬರ್ತಾರೇನ್ಲಾ ಹೆಡ್ಡ? ಮುಂದಿನ ಸಲ ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕು! ಅಡುಗೇದು ಏನೇ ತಂದರೂ ಟವೆಲಲ್ಲಿ ಬಿಗಿಯಾಗಿ ಸುತ್ತಿ, ತೊಡೆ ಮೇಲಿಟ್ಟು, ಮಗೂನ ಹಂಗೆ ತಬ್ಕೊಂಡು ಬರ್ಬೇಕು!"

"ಆಗ್ಲಿ ಕಣವ್ವ."

ಮೂರನೇ ದಿನ ಸಮುದ್ರ ಕಾಣಿಸ್ತು. ದೊಡ್ಡತಾಯಮ್ಮ ವ್ಯಾನು ನಿಲ್ಲಿಸಿ ಇಳಿದು ಕಣ್ತುಂಬ ನೋಡಿದಳು. ಅಷ್ಟು ದೊಡ್ಡ ನೀರನ್ನ ಅವಳು ಕಂಡಿರಲಿಲ್ಲ. ಆಮೇಲೆ ಬಾಯಿ ಚಪಲ ಹುಟ್ಟಿ, "ಹೋಗ್ಲಾ, ಏಡಿ ತಗೊಂಬಾ, ಇವತ್ತು ಏಡಿ ಸಾರು" ಅಂದಳು.

ಸಣ್ಣಪ್ಪ ಆಟೋದಲ್ಲಿ ಪೇಟೆಗೆ ಹೋದ. ಎಂಟು ಏಡಿ ತಗೊಂಡ, ಎಂಟೂ ಜೀವಂತ. ಟವೆಲಲ್ಲಿ ಸುತ್ತಿದ. ತೊಡೆ ಮೇಲಿಟ್ಟ. ಮಗುವಿನ ಹಾಗೆ ತಬ್ಬಿಕೊಂಡ.

ಹೇಳೋದೇನು ಬಂತು! ಆಟೋ ನಿಲ್ಲೋಕೆ ಮುಂಚೆ ಸಣ್ಣಪ್ಪ ಹಾರಿದ. "ಅವ್ವೋ! ಮಗು ಕಚ್ತದೆ! ಅವ್ವೋ!" ಹೊಟ್ಟೆಗೊಂದು, ತೊಡೆಗೊಂದು, ಹೇಳಬಾರದ ಜಾಗಕ್ಕೊಂದು ಏಡಿ ನೇತಾಡ್ತಿತ್ತು. ಕೊಡವಿದ ಕೂಡಲೇ ಎಂಟೂ ಸಾಲಾಗಿ ಸಮುದ್ರ ಸೇರಿಕೊಂಡವು.

"ಜೀವ ಇರೋದನ್ನ ತಬ್ಕೊತಾರೇನ್ಲಾ? ಕೈಕಾಲು ಆಡದಂಗೆ ಕಟ್ಬೇಕು! ನೆರಳಲ್ಲಿ ಇಡ್ಬೇಕು! ಆಗಾಗ ನೀರು ಚಿಮುಕಿಸ್ಬೇಕು!"

"ಆಗ್ಲಿ ಕಣವ್ವ" ಅಂದ, ಗಾಯಕ್ಕೆ ಅರಿಶಿನ ಹಚ್ಚಿಕೊಳ್ತಾ.

ನಾಲ್ಕನೇ ದಿನ. ಅದೇ ಕೊನೇ ದಿನ. ಮಾರನೇ ದಿನ ಊರಿಗೆ ಹೊರಡಲೇಬೇಕು. ದಡದ ಎಳನೀರು ಅಂಗಡಿಯವನನ್ನ ಬೇಡಿಕೊಂಡು ಪ್ಲಗ್ಗಿಗೆ ಜಾಗ ಮಾಡಿಸಿದಳು. ನೀರಿಗೆ ಹತ್ತಿರದ ತೆಂಗಿನ ಮರದ ಕೆಳಗೆ ಕುರ್ಚಿ ಹಾಕಿಸಿ ಕೂತಳು. "ಮಗ, ಇವತ್ತು ತಪ್ಪಿದರೆ ಇನ್ನು ಈ ಜನ್ಮದಲ್ಲಿ ಇಲ್ಲ. ಹುರುಳಿ ಸಾರು ನೀನೇ ಮಾಡು. ಅಭ್ಯಾಸ ಬಲದಿಂದ ನಾನೇ ಎದ್ದು ಬಂದೇನು, ಏಳದಂಗೆ ನೋಡ್ಕೊ!" ಅಂದಳು. ಗಾಳಿಗೆ ಹದಿನೆಂಟು ವರ್ಷದ ಬಾಕಿ ನಿದ್ದೆಯೆಲ್ಲ ಬಂದು ಕಣ್ಣು ಹತ್ತಿತು.

ಸಣ್ಣಪ್ಪ ಹುರುಳಿ ಹಾಕಿದ, ನೀರು ಹಾಕಿದ, ಮಸಾಲೆ ಹಾಕಿದ, ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕಿದ. ಪ್ಲಗ್ಗು ಸಿಕ್ಕಿಸಿದ, ಸ್ವಿಚ್ ಹಾಕಿದ. ಆಮೇಲೆ ತಾಯಿಯನ್ನ ನೋಡಿದ. ಏಳದ ಹಾಗೆ ನೋಡ್ಕೋಬೇಕು. ಹೇಗೆ? ಜೀವ ಇರೋದನ್ನ ಏನು ಮಾಡ್ಬೇಕು ಅಂತ ಅವ್ವನೇ ಹೇಳಿದ್ದಾಳಲ್ಲ!

ಸಂಜೆಗೆ ದೊಡ್ಡತಾಯಮ್ಮನಿಗೆ ಎಚ್ಚರವಾಯ್ತು. ಕೈ ಎತ್ತೋಣ ಅಂದ್ರೆ ಕೈ ಬರಲ್ಲ! ಕಾಲು ಆಡಿಸೋಣ ಅಂದ್ರೆ ಕಾಲು ಬರಲ್ಲ! ಅವಳದೇ ಹಳೇ ಸೀರೆಯಿಂದ ಮೆತ್ತಗೆ, ಗಟ್ಟಿಯಾಗಿ, ಕುರ್ಚಿಗೆ ಕಟ್ಟಿಬಿಟ್ಟಿದ್ದಾನೆ! ಮುಖದ ಮೇಲೆ ತಣ್ಣೀರು ಬೇರೆ ಬೀಳ್ತಿದೆ!

"ಏನ್ಲಾ ಇದು! ಬಿಚ್ಲಾ ಮುಂಡೇದೆ!"

"ಇರವ್ವ, ಸಾರಾಗೈತೆ!"

ಕುಕ್ಕರನ್ನ ಟವೆಲಲ್ಲಿ ಸುತ್ತಿ, ಮಗುವಿನ ಹಾಗೆ ತಬ್ಬಿಕೊಂಡು ತಂದ. ಹೇಳಿದ್ದು ಒಂದು ಸಲವಾದರೂ ಹೊಂದಿಕೊಳ್ತು ನೋಡಿ! ಅಂಗಡಿಯವನು ಕೊಟ್ಟ ಅನ್ನಕ್ಕೆ ಹೊಗೆಯಾಡೋ ಸಾರು ಸುರಿದು, ಕಲಸಿ, ಆರಿಸಿ, ತುತ್ತು ಮಾಡಿ ತಾಯಿ ಬಾಯಿಗಿಟ್ಟ.

ಬೈಯೋಕೆ ತೆರೆದ ಬಾಯಿ ಅಗಿಯೋಕೆ ಶುರುಮಾಡಿತು. ಒಂದು ತುತ್ತು. ಎರಡು ತುತ್ತು. ಎದುರಿಗೆ ಸಮುದ್ರ, ಬಾಯಲ್ಲಿ ಬಿಸಿ ಸಾರು. ಹದಿನೆಂಟು ವರ್ಷಗಳಲ್ಲಿ ಅವಳಿಗೆ ಯಾರೂ ತುತ್ತಿಟ್ಟಿರಲಿಲ್ಲ. ಕಣ್ಣೊರೆಸಿಕೊಳ್ಳೋಕೆ ಕೈ ಇರಲಿಲ್ಲ, ಸಣ್ಣಪ್ಪನೇ ಒರೆಸಿದ.

"ಉಪ್ಪು ಎಂಗೈತೆ ಅವ್ವ?"

"ಸರಿಯಾಗೈತೆ ಕಣ್ಲಾ" ಅಂದಳು. "ಸಾರು ಇನ್ನೊಂಚೂರು ಹಾಕು."

ಉಂಡು ಮುಗಿಯೋ ಹೊತ್ತಿಗೆ ಉಬ್ಬರ ಏರಿತು. ಅಲೆ ಬಂದು ಪಾದ ತೋಯಿಸಿತು. ಇನ್ನೊಂದು ಬಂದು ಮೊಣಕಾಲು ತೋಯಿಸಿತು.

"ಬಿಚ್ಲಾ! ಸಮುದ್ರ ಮೈಮೇಲೆ ಬತ್ತಾ ಐತೆ ಕಣ್ಲಾ!"

ಸಣ್ಣಪ್ಪ ನೀರಿನ ಚೊಂಬು ಪಕ್ಕಕ್ಕಿಟ್ಟು, ಸಮುದ್ರಕ್ಕೆ ಕೈಮುಗಿದ.

"ಬಾ ತಾಯಿ, ಬಾ! ಬೆಳಗಿಂದ ಚಿಮುಕಿಸಿ ಚಿಮುಕಿಸಿ ನನ್ನ ಕೈ ಬಿದ್ದೋಗೈತೆ. ಇನ್ನು ನೀನೇ ಚಿಮುಕಿಸು!"