ವೈದ್ಯರು ಹೇಳಿದ ‘ನಿಮ್ಮಿಷ್ಟ’

ಈ ಕತೆಯನ್ನು ಮೊದಲು ಹೇಳಿದವರು ಹಳೇ ಮಠದ ಗುರುಪಾದಯ್ಯನವರು. ಒಂದು ದಿನ ಶಿಷ್ಯನೊಬ್ಬ ಅವರನ್ನು ಕೇಳಿದ:

“ಬುದ್ಧಿ, ತಿಳಿದವನು ತನ್ನ ಮಾತನ್ನು ಇನ್ನೊಬ್ಬರ ಮೇಲೆ ಹೇರಬಾರದು. ಕೇಳಲು ಬಂದವರಿಗೆ ‘ನಿಮ್ಮಿಷ್ಟ’ ಎಂದು ಬಿಟ್ಟುಬಿಡುವುದೇ ವಿನಯವಲ್ಲವೇ?”

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಗೆ ಬಹಳ ವರ್ಷಗಳಿಂದ ಒಬ್ಬರೇ ವೈದ್ಯರು. ಅವರು ಹಾಕಿದ ಗೆರೆಯನ್ನು ಅವನು ದಾಟುತ್ತಿರಲಿಲ್ಲ. ಮೈ ತುರಿಕೆಯೆಂದು ಹೋದಾಗ, ಬದನೆಕಾಯಿ ಮುಟ್ಟಕೂಡದೆಂದು ಅವರು ಗದರಿಸಿ ಕಳಿಸಿದ್ದರು. ಅಂದಿನಿಂದ ಬೀಗರ ಮನೆಯಲ್ಲಿ ಎಣ್ಣೆಗಾಯಿ ಬಡಿಸಲು ಬಂದರೂ ಅವನು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದ.

ಅವನಿಗೆ ತಡವಾಗಿ ಒಬ್ಬ ಮಗಳು ಹುಟ್ಟಿದಳು. ನೀಲವ್ವ ಎಂದು ಹೆಸರಿಟ್ಟರು. ಮಗ್ಗದ ಸದ್ದು ಕೇಳುತ್ತ ಮಲಗುವ ಕೂಸು. ಸದ್ದು ನಿಂತರೆ ಎದ್ದು ಅಳುವುದು. ಆಗ ಸುತ್ತಲ ಊರುಗಳಲ್ಲಿ ದಡಾರ ಕಾಣಿಸಿಕೊಂಡಿತು. ಮಕ್ಕಳಿಗೆ ಲಸಿಕೆ ಹಾಕಿಸಬೇಕೆಂಬ ಮಾತು ಎದ್ದಿತು. ನೇಕಾರನ ತಾಯಿ ಒಪ್ಪಲಿಲ್ಲ. ಆಡಿಕೊಂಡಿರುವ ಕೂಸಿಗೆ ಸೂಜಿ ಚುಚ್ಚಿಸಿ ಜ್ವರ ಬರಿಸುವುದು ಯಾವ ಜಾಣತನ ಎಂದು ಕೇಳಿದಳು. ಅವನು ತಾಯಿಗೆ ಎದುರಾಡಲಾರದೆ, ಮಗಳ ಚಿಂತೆಯನ್ನೂ ಬಿಡಲಾರದೆ ವೈದ್ಯರ ಬಳಿಗೆ ಹೋದ.

“ಹಾಕಿಸಲೋ ಬೇಡವೋ? ನೀವು ಹೇಳಿದಂಗೆ ಮಾಡ್ತೀನ್ರೀ,” ಎಂದ.

ವೈದ್ಯರು ಅವನ ತಾಯಿಯ ಬಾಯಿಯನ್ನು ಬಲ್ಲವರು.

“ಲಸಿಕೆ ಒಳ್ಳೆಯದೇ. ಕೆಲವರು ಹಾಕಿಸುತ್ತಾರೆ, ಕೆಲವರು ಬಿಡುತ್ತಾರೆ. ನಿಮ್ಮಿಷ್ಟಪ್ಪಾ,” ಎಂದರು.

ದಾರಿಯುದ್ದಕ್ಕೂ ನೇಕಾರ ಆ ಮಾತನ್ನು ತೂಗಿ ನೋಡಿದ. ಬದನೆಕಾಯಿಗೆ ಅಷ್ಟು ಗದರಿಸಿದವರು ಸೂಜಿಗೆ ನಿಮ್ಮಿಷ್ಟ ಅಂದರು. ಹಾಗಾದರೆ ಇದು ಬದನೆಕಾಯಿಯಷ್ಟೂ ದೊಡ್ಡ ವಿಷಯವಲ್ಲ ಎಂದುಕೊಂಡ. ಹಾಕಿಸಲಿಲ್ಲ.

ಸ್ವಲ್ಪ ದಿನಕ್ಕೆ ದಡಾರ ಅವನ ಓಣಿಗೂ ಬಂತು. ನೀಲವ್ವನ ಮೈಯೆಲ್ಲ ಕೆಂಪು ದದ್ದುಗಳು ಎದ್ದವು. ಆಮೇಲೆ ಕಿವಿ ಸೋರತೊಡಗಿತು. ವೈದ್ಯರು ಕರೆಯದಿದ್ದರೂ ಬಂದು ನೋಡಿಕೊಂಡರು. ಕೂಸು ಬದುಕಿತು. ನೇಕಾರ ಮತ್ತೆ ಮಗ್ಗಕ್ಕೆ ಕೂತ. ಎಳೆ ಹರಿದು ಮಗ್ಗ ನಿಂತಾಗ ಕೂಸು ಅಳಲಿಲ್ಲ. ಅವನು ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಅದು ತಿರುಗಿ ನೋಡಲಿಲ್ಲ.

ವೈದ್ಯರು ಬಂದು ಕಿವಿ ಪರೀಕ್ಷಿಸಿ ತಲೆ ತಗ್ಗಿಸಿದರು. ನೇಕಾರ ಬೈಯಲಿಲ್ಲ. ಅವರ ಚೀಲ ಹಿಡಿದು ಬಾಗಿಲವರೆಗೆ ಬಂದವನು, “ಅವತ್ತೂ ಒಂದು ಸಲ ಗದರಿಸಬಾರದಿತ್ತೇನ್ರೀ?” ಎಂದ. ವೈದ್ಯರು ಚೀಲ ಇಸಿದುಕೊಂಡು ಹೋದರು.

ಕತೆ ಕೇಳಿದ ಶಿಷ್ಯನಿಗೆ ಸಮಾಧಾನವಾಗಲಿಲ್ಲ. ವೈದ್ಯರು ಬೇಡವೆಂದೇನೂ ಹೇಳಲಿಲ್ಲ, ತಂದೆಯ ನಿರ್ಧಾರವನ್ನು ತಂದೆಗೇ ಬಿಟ್ಟರು, ಅದರಲ್ಲಿ ತಪ್ಪೇನಿದೆ ಎಂದ.

ಗುರುಗಳು ಹೇಳಿದರು: “ತಮ್ಮ ಮೊಮ್ಮಗನಿಗೆ ಲಸಿಕೆ ಹಾಕುವಾಗ ಆ ವೈದ್ಯರು ಯಾರ ಇಷ್ಟವನ್ನೂ ಕೇಳಿರಲಿಲ್ಲ.”



ಕೂಸಿರುವ ಮನೆಗೆ ಹೋದಾಗ ಈ ಕತೆ ಹೇಳಿ ಬನ್ನಿ. ವೈದ್ಯರ ಮನೆಯಾದರೆ ತಪ್ಪದೆ ಹೇಳಿ.