ತಲೆಕೆಳಗಾದ ಅಕ್ಷರ

ಏಳುಕೆರೆ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ. ಇತ್ತು, ಅಷ್ಟೇ. ಆ ರಾಜ್ಯದ ಒಂದು ಹಳ್ಳಿಯಲ್ಲಿ ಚಾಪೆ ಹೆಣೆಯುವವರ ಮನೆ. ಆ ಮನೆಯಲ್ಲಿ ಇಬ್ಬರು ವಾರಗಿತ್ತಿಯರು. ಹಿರಿಯವಳು ಹೊಂಬಾಳಮ್ಮ, ಕಿರಿಯವಳು ಬೋರಮ್ಮ. ಹೊಂಬಾಳಮ್ಮನಿಗೆ ಏಳು ವರ್ಷದ ಮಗ, ಚಲುವ. ಬೋರಮ್ಮನಿಗೆ ಐದು ವರ್ಷದ ಮಗಳು, ಪುಟ್ಟೀರಿ.

ಚಲುವ ಒಳ್ಳೆ ಹುಡುಗ. ಉಣ್ಣುತ್ತಿದ್ದ, ಆಡುತ್ತಿದ್ದ, ಮಲಗುತ್ತಿದ್ದ. ಅವನಿಗೆ ಅಕ್ಷರ ಕಲಿಸೋಕೆ ಅಂತ ಹೊಂಬಾಳಮ್ಮ ಅಯ್ಯನೋರನ್ನು ಮನೆಗೇ ಕರೆಸುತ್ತಿದ್ದಳು. ಅಯ್ಯನೋರು ಜಗಲಿಯ ಮೇಲೆ ಮರಳು ಹರಡಿ, ಹುಡುಗನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಪುಟ್ಟೀರಿ ಬಂದು ಪಕ್ಕದಲ್ಲಿ ಕೂತರೆ ಹೊಂಬಾಳಮ್ಮ ಗದರುತ್ತಿದ್ದಳು.

"ಏಯ್, ನನ್ನ ಮಗನ ಪಾಠದಲ್ಲಿ ನಿಂದೇನೇ? ಆ ಕಡೆ ಹೋಗು!"

ಮಗು ಆ ಕಡೆ ಹೋಗುತ್ತಿತ್ತು. ಮರಳಿನ ಆ ಕಡೆಗೆ ಹೋಗಿ, ಎದುರುಗಡೆ ಕುಕ್ಕುರುಗಾಲಲ್ಲಿ ಕೂತು, ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿತ್ತು.

ಒಂದು ದಿನ ಚಲುವ ತಡವರಿಸಿದ. ಎಷ್ಟು ತಲೆ ಕೆರೆದರೂ ಅಕ್ಷರ ನೆನಪಾಗಲಿಲ್ಲ. ಎದುರಿಂದ ಪುಟ್ಟೀರಿ ಮೆಲ್ಲಗೆ, "ಅಣ್ಣಯ್ಯ, ಅದು ಳ" ಅಂದಿತು.

ಹೊಂಬಾಳಮ್ಮನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಆ ಮಗುವಿನ ತಲೆ ಎಲ್ಲರ ಥರದ್ದಲ್ಲ ಅಂತ ಊರಲ್ಲಿ ಮೊದಲು ಗೊತ್ತಾಗಿದ್ದು ಯಾರಿಗೆ ಹೇಳಿ? ಹೆತ್ತ ತಾಯಿಗಲ್ಲ. ಪಾಪ, ಅವಳಿಗೆ ಚಾಪೆ ಹೆಣೆಯೋಕೆ ಕೆರೆಯಿಂದ ಜೊಂಡು ಕೊಯ್ದು ತರೋದರಲ್ಲೇ ಹೊತ್ತು ಮುಳುಗುತ್ತಿತ್ತು. ಅಯ್ಯನೋರಿಗೂ ಅಲ್ಲ. ಅವರು ಪಾಠದ ಮಧ್ಯೆ ತೂಕಡಿಸುತ್ತಿದ್ದರು. ಗೊತ್ತಾಗಿದ್ದು ಹೊಂಬಾಳಮ್ಮನಿಗೆ. ಅವತ್ತಿಂದ ಅವಳ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದ ಹಾಗೆ ಉರಿ. 'ನನ್ನ ಹೊಟ್ಟೇಲಿ ಹುಟ್ಟಬಾರದಿತ್ತಾ ಈ ಮಗು? ಈ ಮಂಕು ಬೋರಿಗೆ ಯಾಕೆ ಬೇಕಿತ್ತು?' ಅಂತ ಒಲೆ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದಳು. ಕೇಳಿದರೆ ಹೊಗೆ ಅನ್ನುತ್ತಿದ್ದಳು.

ಆ ವರ್ಷ ರಾಜ ಊರೂರಿಗೆ ತಮಟೆ ಹೊಡೆಸಿದ. "ಕೇಳ್ರಪ್ಪೋ ಕೇಳಿ! ಎಂಟು ವರ್ಷದೊಳಗಿನ ಮಕ್ಕಳನ್ನು ಅರಮನೆಯ ಅಜ್ಜಮ್ಮ ಬಂದು ಪರೀಕ್ಷೆ ಮಾಡ್ತಾರೆ. ಊರಿಗೆ ಒಂದೇ ಮಗು. ಅದಕ್ಕೆ ಅರಮನೆಯಲ್ಲಿ ವಿದ್ಯೆ!"

ಒಂದೇ ಮಗು! ಆರು ತುಂಬಿದರೆ ಪುಟ್ಟೀರಿಯನ್ನು ಜೊಂಡು ಸೀಳೋಕೆ ಕೂರಿಸುತ್ತಾರೆ, ಆಮೇಲೆ ಅಕ್ಷರದ ಮಾತೇ ಇಲ್ಲ. ಈ ಒಂದು ದಿನ ದಾಟಿದರೆ ಸಾಕು ಅಂದುಕೊಂಡಳು ಹೊಂಬಾಳಮ್ಮ. ಸೀದಾ ಮಗುವನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು.

"ಪುಟ್ಟೀರಿ, ನೋಡು ಕಂದ. ಅರಮನೆಯೋರ ಮುಂದೆ ಬಾಯಿ ಬಿಟ್ಟರೆ ನಾಲಿಗೆ ಕಿತ್ತು ಬಿದ್ದುಹೋಗುತ್ತೆ. ಒಂದು ಮಾತೂ ಆಡಬಾರದು. ತಿಳೀತಾ?"

ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿತು. ದೊಡ್ಡಮ್ಮ ಸುಳ್ಳು ಹೇಳ್ತಾಳೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಅಜ್ಜಮ್ಮ ಬಂದಳು. ಕಂಕುಳಲ್ಲಿ ತಿಂಡಿಯ ಗಂಟು ಹಿಡಿದ, ಬೆನ್ನು ಬಾಗಿದ ಮುದುಕಿ, ಕಣ್ಣು ಮಾತ್ರ ಚುರುಕು. ಊರ ಮಕ್ಕಳನ್ನೆಲ್ಲ ನೋಡಿ, ಕೊನೆಗೆ ಈ ಮನೆಯ ಜಗಲಿ ಮೇಲೆ ಕೂತಳು. ಊರವರೆಲ್ಲ ಸುತ್ತ ನಿಂತರು.

ಮೊದಲನೇ ಪರೀಕ್ಷೆ. "ನಿನಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಕೇಳು" ಅಂದಳು ಅಜ್ಜಮ್ಮ.

ಚಲುವ ಯೋಚಿಸಿ, "ಅಜ್ಜಿ, ನಿನ್ನ ಗಂಟಿನೊಳಗೆ ಎಷ್ಟು ಉಂಡೆ ಇದೆ?" ಅಂದ. ಎಲ್ಲರೂ ನಕ್ಕರು. ಪುಟ್ಟೀರಿ ಬಾಯಿ ಬಿಡಲಿಲ್ಲ.

ಎರಡನೇ ಪರೀಕ್ಷೆ. ನಡುವೆ ಹರಿದ ಒಂದು ಬಣ್ಣದ ಚಾಪೆ ಹಾಸಿ, "ಈ ಚಿತ್ತಾರ ತುಂಬಿಸಿ" ಅಂದಳು. ಜೊಂಡು ತಂದುಕೊಟ್ಟವಳು ಹೊಂಬಾಳಮ್ಮ. ಮಗನಿಗೆ ನೀರು ಚಿಮುಕಿಸಿದ ಮೆತ್ತನೆ ಜೊಂಡು, ಪುಟ್ಟೀರಿಗೆ ಮಾಳಿಗೆ ಮೇಲಿನ ಒಣ ಜೊಂಡು. ಚಲುವ ಹೇಗೋ ನಾಲ್ಕು ಎಳೆ ಸಿಕ್ಕಿಸಿದ. ಪುಟ್ಟೀರಿ ಕೈಯಲ್ಲಿ ಮುಟ್ಟಿದ್ದೆಲ್ಲ ಪಟ್ ಪಟ್ ಅಂತ ಮುರಿಯಿತು. ಮಗು ನೀರಿನ ಕೊಡದ ಕಡೆ ನೋಡಿತು, ದೊಡ್ಡಮ್ಮನ ಮುಖ ನೋಡಿತು, ಸುಮ್ಮನೆ ಕೂತಿತು. ಮೂಲೆಯಲ್ಲಿ ನಿಂತಿದ್ದ ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಂಬಾಳಮ್ಮನಿಗೆ ಹಾಲು ಕುಡಿದಷ್ಟು ಸಂತೋಷ.

ಮೂರನೇ ಪರೀಕ್ಷೆ. ಮರಳು ಹರಡಿ, "ಮನಸ್ಸಿಗೆ ಬಂದದ್ದು ಬರೆಯಿರಿ" ಅಂದಳು. ಚಲುವ 'ಅಮ್ಮ' ಅಂತ ಬರೆದ. ಹೊಂಬಾಳಮ್ಮ ಊರವರನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಪುಟ್ಟೀರಿ ಅಜ್ಜಮ್ಮನ ಎದುರಿಗೆ ಕೂತು ಬರೆಯತೊಡಗಿತು. ಬರೆದೇ ಬರೆಯಿತು. ಹಿಂದೆ ನಿಂತಿದ್ದ ಚಲುವ ಬಗ್ಗಿ ನೋಡಿ ಕೂಗಿದ.

"ಅಮ್ಮಾ, ಎಲ್ಲಾ ತಲೆಕೆಳಗೆ ಬರೆದಿದಾಳೆ!"

ಹಿಂದೆ ನಿಂತವರೆಲ್ಲ ಹೋ ಅಂತ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೊಂಬಾಳಮ್ಮ. ಅಜ್ಜಮ್ಮ ಮಾತ್ರ ನಗಲಿಲ್ಲ. ಕೂತಲ್ಲಿಂದಲೇ ಮರಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದಳು.

"ಹಂಗಾದ್ರೆ ಈ ಮಗು ದಡ್ಡಿ ಅಂತ ಓಲೆ ಬರೆದುಬಿಡೋಣ. ಆದ್ರೆ ರಾಜರು ಕಾರಣ ಕೇಳ್ತಾರೆ. ಹೊಂಬಾಳಮ್ಮ, ಮನೇಲಿ ದಿನಾ ನೋಡೋಳು ನೀನು. ಇವಳ ಮೂರು ದಡ್ಡತನ ಹೇಳಮ್ಮ."

ಅಯ್ಯೋ, ಮೂರೇ? ಇಷ್ಟು ದಿನದ ಉರಿ ಗಂಟಲಿಗೆ ಬಂದು ನಿಂತಿತ್ತು. ಹೊಂಬಾಳಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ಒಂದಾ ಎರಡಾ, ಅಮ್ಮಾವ್ರೇ! ಇವತ್ತು ಮೂಗಿ ಥರ ಕೂತಿದಾಳೆ ಅಷ್ಟೇ. ಮನೇಲಿ ಇವಳ ಬಾಯಿ ನಿಲ್ಲೋದೇ ಇಲ್ಲ. ಬಾವಿಯೊಳಗೆ ಕೂಗಿದ್ರೆ ಕೂಗು ವಾಪಸ್ ಬರುತ್ತೆ, ಕೆರೆ ಮೇಲೆ ಕೂಗಿದ್ರೆ ಯಾಕೆ ಬರಲ್ಲ ಅಂತಾಳೆ. ಇದೂ ಒಂದು ಕೇಳೋ ಮಾತಾ? ನನ್ನ ಮಗ ಒಂದು ದಿನ ಹಿಂಗೆ ಕೇಳಿದಾನಾ?"

"ಕೇಳಿಲ್ಲ ಅನ್ನು" ಅಂದಳು ಅಜ್ಜಮ್ಮ. "ಎರಡನೇದು?"

"ಮೂರು ದಿನ ಕೂತು ನಾನು ಹೆಣೆದ ಚಾಪೇನ ಬಿಚ್ಚಿ ಹಾಕಿದಳು. ಒಂದು ಎಳೆ ತಪ್ಪಿದೆಯಂತೆ!"

"ತಪ್ಪಿತ್ತಾ?"

"ತಪ್ಪಿತ್ತು. ಏನೀಗ? ಮೋಟುದ್ದ ಇದಾಳೆ, ನನಗೇ ಪಾಠ ಹೇಳ್ತಾಳೆ. ದೊಡ್ಡಮ್ಮ, ಒಣ ಜೊಂಡು ಹೆಣೀಬೇಡ, ನೀರು ಚಿಮುಕಿಸದಿದ್ರೆ ಮುರಿಯುತ್ತೆ ಅಂತ!"

ಅಜ್ಜಮ್ಮ ನೆಲದ ಮೇಲೆ ಬಿದ್ದಿದ್ದ ಒಣ ಜೊಂಡಿನ ಚೂರು ಎತ್ತಿಕೊಂಡಳು. ಚಲುವನ ಜೊಂಡನ್ನೂ ಮುಟ್ಟಿ ನೋಡಿದಳು. ಬೆರಳಿಗೆ ತೇವ ಹತ್ತಿತು. "ಮೂರನೇದು?" ಅಂದಳು.

"ಮೂರನೇದು ಕಣ್ಣೆದುರಿಗೇ ಇದೆಯಲ್ಲ! ತಲೆಕೆಳಗೆ ಬರೀತಾಳೆ. ನೆಟ್ಟಗೆ ಬರೆಯೋಕೆ ಇವಳಿಗೆ ಯಾರು ಕಲಿಸಿದಾರೆ? ನನ್ನ ಮಗನ ಪಕ್ಕ ಕೂರೋಕೆ ನಾನು ಬಿಟ್ಟರೆ ತಾನೆ? ಎದುರುಗಡೆ ಕೂತು ಕದ್ದು ಕದ್ದು ನೋಡಿದ್ದು!"

ಆಡಿ ಮುಗಿಸಿದ ಮೇಲೆ ಹೊಂಬಾಳಮ್ಮನಿಗೆ ತನ್ನ ಮಾತು ತನಗೇ ಕೇಳಿಸಿತು.

"ಅಂದ್ರೆ ಯಾರೂ ಕಲಿಸದೆ ಕಲಿತದ್ದು" ಅಂದಳು ಅಜ್ಜಮ್ಮ. "ಚಲುವ, ನೀನು ಓದಬಲ್ಲೆ ತಾನೆ? ಬಾ ಮಗ, ನನ್ನ ಪಕ್ಕ ಕೂತು ನಿನ್ನ ತಂಗಿ ಬರೆದದ್ದು ಓದು. ಎಲ್ಲರಿಗೂ ಕೇಳಿಸಬೇಕು."

ಚಲುವ ಓಡಿ ಬಂದು ಅಜ್ಜಮ್ಮನ ಪಕ್ಕ ಕೂತ. ಆ ಕಡೆಯಿಂದ ಅಕ್ಷರ ಎಲ್ಲ ನೆಟ್ಟಗೇ ಇದ್ದವು. ಹೊಂಬಾಳಮ್ಮನಿಗೆ ಓದು ಬರಹ ಬರದು. ಮಗ ಏನು ಓದುತ್ತಾನೋ ಅಂತ ಉಗುರು ಕಚ್ಚುತ್ತಾ ನಿಂತಳು. ಚಲುವ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಕಂಠ ಬಿಟ್ಟು ಓದಿದ.

"ಬಾಯಿ… ಬಿಟ್ರೆ… ನಾಲಿಗೆ… ಬೀಳುತ್ತೆ. ದೊಡ್ಡಮ್ಮ… ಹೇಳ್ತು."

ಓದಿ ಮುಗಿಸಿ ತಾಯಿಯ ಕಡೆ ತಿರುಗಿದ. ಮುಖವೆಲ್ಲ ನಗು. "ಅಮ್ಮಾ, ಒಂದೂ ತಪ್ಪಿಲ್ಲದೆ ಓದಿದೆ ಅಲ್ವಾ?"

ಹೊಂಬಾಳಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಬೋರಮ್ಮ ಓಡಿ ಬಂದು ಮಗಳನ್ನು ಬಾಚಿ ತಬ್ಬಿಕೊಂಡು, "ಅಕ್ಕಯ್ಯ, ನನ್ನ ಕೂಸು ನಿಂಗೇನು ಮಾಡಿತ್ತು?" ಅಂತ ಅತ್ತಳು.

ಅಜ್ಜಮ್ಮ ಮಗುವಿನ ಗಲ್ಲ ಹಿಡಿದಳು. "ಮಾತಾಡು ತಾಯಿ, ನಾಲಿಗೆ ಬೀಳಲ್ಲ. ನೋಡು, ಇಷ್ಟು ವರ್ಷದಿಂದ ಆಡ್ತಿದೀನಿ, ನಂದಿನ್ನೂ ಇದೆ." ಹಲ್ಲಿಲ್ಲದ ಬಾಯಿ ತೆರೆದು ನಾಲಿಗೆ ತೋರಿಸಿದಳು.

ಪುಟ್ಟೀರಿ ಹತ್ತಿರ ಹೋಗಿ ಚೆನ್ನಾಗಿ ನೋಡಿತು. ಆಮೇಲೆ ಕೇಳಿತು: "ಹಂಗಾದ್ರೆ ಹಲ್ಲು ಮಾತ್ರ ಯಾಕೆ ಬಿದ್ದೋಯ್ತು?"

ಅಜ್ಜಮ್ಮ ನಕ್ಕು ನಕ್ಕು ಕೆಮ್ಮಿದಳು. ಓಲೆಯ ಮೇಲೆ ಪುಟ್ಟೀರಿಯ ಹೆಸರು ಬರೆದಳು. ತಾಯಿ ಮಗಳಿಬ್ಬರೂ ಅರಮನೆಗೆ ಹೊರಟರು. ಹೋಗುವಾಗ ಅಜ್ಜಮ್ಮ ಹೊಂಬಾಳಮ್ಮನನ್ನು ಕರೆದಳು.

"ನಿನಗೆ ಶಿಕ್ಷೆ ಏನು ಗೊತ್ತಾ? ವರ್ಷಕ್ಕೊಂದು ಸಲ ನಿನ್ನ ಬಾಗಿಲಿಗೇ ಬರ್ತೀನಿ. ಈ ಸಲ ಯಾರ ಮಗು ನೋಡಿ ಹೊಟ್ಟೆ ಉರೀತು ಅಂತ ಊರೆದುರಿಗೆ ಕೇಳ್ತೀನಿ. ನೀನು ಬೆರಳು ತೋರಿಸಿದ ಮನೆಗೆ ಸೀದಾ ಹೋಗ್ತೀನಿ. ಬೇರೆ ಪರೀಕ್ಷೆನೇ ಬೇಡ."

ಹೇಳಿದ ಹಾಗೇ ಮಾಡಿದಳು. ಪ್ರತಿ ವರ್ಷ ಪಲ್ಲಕ್ಕಿ ಬಂದು ಆ ಜಗಲಿ ಮುಂದೆ ನಿಂತಾಗ ಹೊಂಬಾಳಮ್ಮ ತಲೆ ತಗ್ಗಿಸಿ ಒಂದು ಮನೆಯ ಕಡೆ ಬೆರಳು ತೋರಿಸುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ.

ನೀತಿ ಇಷ್ಟೇ, ಮಕ್ಕಳೇ. ಬೇರೆಯವರ ಮಗು ಜಾಣ ಅಂತ ಹೊಟ್ಟೆಕಿಚ್ಚು ಪಡಬೇಡಿ. ಎಷ್ಟು ಮುಚ್ಚಿಟ್ಟರೂ ಅದರ ಜಾಣತನ ನಿಮ್ಮ ಬಾಯಿಂದಲೇ ಹೊರಬೀಳುತ್ತೆ, ಮಾನ ನಿಮ್ಮದೇ ಹೋಗುತ್ತೆ.

ಕಥೆ ಆಯಿತು. ಅದ್ಯಾರು ಅಲ್ಲಿ, ಎದುರುಗಡೆ ಒಂಟಿಯಾಗಿ ಕೂತಿರೋದು? ಎದ್ದು ಬಾ, ಪಕ್ಕದಲ್ಲಿ ಜಾಗ ಇದೆ.